ತುತ್ತಿನ ಕಲ್ಲಿನ ಏಡಿ

ಹೊಳಲಿನ ಕಡೆ ಹೊಳೆದಂಡೆಗೆ ನಮ್ಮ ದೊಡ್ಡಪ್ಪನ ಗದ್ದೆ. ಅಲ್ಲಿ ಉಣ್ಣಲು ಕೂತರೆ ಮೊದಲ ತುತ್ತು ಭೂಮಿತಾಯಿಗೆ. ಬದುವಿನ ಮೂಲೆಯ ಕಲ್ಲಿನ ಬುಡಕ್ಕೆ ಅನ್ನವಿಟ್ಟು ಕೈಮುಗಿದ ಮೇಲೇ ದೊಡ್ಡಪ್ಪ ಬಾಯಿ ತೆರೆಯುವುದು. ಉಂಡೆದ್ದು ನೋಡಿದರೆ ತುತ್ತು ಮಾಯ. “ತಾಯಿ ಉಂಡಾಳ ನೋಡು,” ಎನ್ನುವರು. ಅವರ ದನಿ ನಾನು ಎಷ್ಟು ಚೆಂದ ತೆಗೆಯುತ್ತಿದ್ದೆನೆಂದರೆ, ದೊಡ್ಡವ್ವ ಒಮ್ಮೆ “ಏನ್ರಿ?” ಎಂದು ಓಗೊಟ್ಟು, ತಿರುಗಿ ನೋಡಿ, ಸೌಟಿನಿಂದ ಬಾರಿಸಿದಳು.

ಆ ವರ್ಷ ಭತ್ತದ ಸಸಿಮಡಿಯಲ್ಲಿ ನೀರೇ ನಿಲ್ಲಲಿಲ್ಲ. ಕರೆಂಟ್ ಇದ್ದಾಗ ಮೋಟಾರು ಹೊಳೆಯಿಂದ ಎತ್ತಿದ ನೀರು, ಬದುವಿನ ತೂತಿನಿಂದ ಹೊಳೆಗೇ ವಾಪಸ್. ಸಸಿ ಒಣಗಿದರೆ ನಾಟಿಯಿಲ್ಲ, ನಾಟಿಯಿಲ್ಲದಿದ್ದರೆ ಮನೆಗೆ ಅಕ್ಕಿಯಿಲ್ಲ. ದೊಡ್ಡಪ್ಪ ಮಣ್ಣು ಮೆತ್ತಿದರು. ಬೆಳಗಾದರೆ ಮತ್ತೆ ತೂತು, ಅದೇ ಕಲ್ಲಿನ ಪಕ್ಕ.

ನನ್ನನ್ನು ಕಾವಲಿಗೆ ಕೂರಿಸಿದರು. ಕೆಲಸಕ್ಕೆ ಬಾರದವನಿಗೆ ತಕ್ಕ ಹುದ್ದೆ. ದೊಡ್ಡಪ್ಪ ತುತ್ತಿಟ್ಟು ಆಚೆ ಹೋದದ್ದೇ ತಡ, ತೂತಿನಿಂದ ಏಡಿಯೊಂದು ಹೊರಟಿತು. ಹುಡುಕಲಿಲ್ಲ, ತಡಕಲಿಲ್ಲ. ಖಾನಾವಳಿಯ ಕಾಯಂ ಗಿರಾಕಿಯ ಹಾಗೆ ಸೀದಾ ಕಲ್ಲಿನ ಬುಡಕ್ಕೇ ಹೋಯಿತು.

“ದೊಡ್ಡಪ್ಪಾ, ತಾಯಿಗೆ ಎಂಟು ಕಾಲು ಅದಾವ. ಮ್ಯಾಲೆ ಎರಡು ಇಕ್ಕಳ,” ಎಂದು ವರದಿ ಒಪ್ಪಿಸಿದೆ. “ಹಿಡದು ಯಾರಿಗರ ಸಾರಿಗೆ ಕೊಡ್ಲೇನು?”

“ಲೇ, ಅನ್ನ ಇಟ್ಟ ಕೈಲೆ ಕೊಲ್ಲಂತೀಯೇನು?”

“ಹಂಗಾರ ತುತ್ತಿಡಾದು ಬಿಡ್ರಿ.”

“ತಾಯಿನ್ನ ಉಪಾಸ ಕೆಡವ್ಲೇನು?”

ದೊಡ್ಡವ್ವ ಬುತ್ತಿ ಕಟ್ಟುತ್ತಲೇ ತೀರ್ಪು ಕೊಟ್ಟಳು: “ತಾಯಿ ಆ ಮೂಲಿಯಾಗಷ್ಟ ಅದಾಳೇನ್ರಿ? ಕಲ್ಲು ಎತ್ತಿ ಬದುವಿನ ಆಚಿಗೆ ಬೇವಿನ ಗಿಡದ ಬುಡಕ ಇಡ್ರಿ.”

ಕಲ್ಲು ಹೋಯಿತು. ತೂತು ಮುಚ್ಚಿದೆವು. ಏಡಿ ಕೆಲವು ದಿನ ಹಳೆಯ ಮೂಲೆಗೇ ಬಂದು, ಬರೀ ಮಣ್ಣು ತಡವಿ, ಸ್ವಲ್ಪ ಹೊತ್ತು ನಿಂತು ಹೋಯಿತು. ಆಮೇಲೆ ಬೇವಿನ ಬುಡದಲ್ಲಿ ಹೊಸ ತೂತು ಕಂಡಿತು. ಮಡಿಯಲ್ಲಿ ನೀರು ನಿಂತಿತು, ಸಸಿ ಹಸಿರಾಯಿತು.

ವಾರ ಕಳೆದಿರಬೇಕು, ನೀರು ಮತ್ತೆ ಇಳಿಯಿತು. ತೂತು ಹಳೆಯ ಮೂಲೆಯಲ್ಲೇ. ಕಾದು ನೋಡಿದೆ. ದೊಡ್ಡಪ್ಪ ಮೋಟಾರನ್ನು ಬೈಯುತ್ತ ಬಂದು ಕೂತರು, ಬುತ್ತಿ ಬಿಚ್ಚಿದರು. ಬಾಯಿ ಬೈಯುತ್ತಲೇ ಇತ್ತು, ಕೈ ತಾನಾಗಿ ಹೋಗಿ ಹಳೆಯ ಜಾಗದಲ್ಲಿ ತುತ್ತಿಟ್ಟು ಬಂತು. ಆಮೇಲೆ ನೆನಪಾಗಿ, ಎದ್ದು ಬೇವಿನ ಬುಡಕ್ಕೂ ಒಂದಿಟ್ಟರು. ಏಡಿ ಎರಡೂ ಕಡೆ ಉಂಡಿತು.

“ಏಡಿಗೆ ತಿಳಿದದ್ದು ಇವರಿಗೆ ತಿಳೀವಲ್ದು,” ಎಂದ ದೊಡ್ಡವ್ವ, ನಾಟಿಯಾಗುವ ತನಕ ಊಟದ ಹೊತ್ತಿಗೆ ಆ ಮೂಲೆಯಲ್ಲಿ ನನ್ನನ್ನೇ ಕೂರಿಸಿದಳು. ದೊಡ್ಡಪ್ಪನ ಕೈ ಬಂದಾಗಲೆಲ್ಲ ನಾನು ಬಾಯಿ ತೆರೆದೆ. ಸಸಿ ಉಳಿಯಿತು, ನಾಟಿಯೂ ಆಯಿತು.

ಈಗಲೂ ಗದ್ದೆಗೆ ಹೋದರೆ, ಬುತ್ತಿ ಬಿಚ್ಚುವ ಹೊತ್ತಿಗೆ ನನ್ನ ಕಾಲುಗಳು ಸೀದಾ ಆ ಮೂಲೆಗೇ ನಡೆಯುತ್ತವೆ.