ಹಲ್ಲಿನ ಕಾಲೇಜಿಗೆ ಎರಡನೆಯ ಸಲ

ಮೊದಲ ಸಲ ಪ್ರವೇಶ ಪರೀಕ್ಷೆ ಬರೆದು ಹೊರಗೆ ಬಂದಾಗ ನನಗೆ ಅಳು ಬರಲಿಲ್ಲ, ಹಸಿವಾಗಿತ್ತು. ಕೊಲ್ಲಾಪುರದ ಆ ಕೇಂದ್ರದ ಗೇಟಿನಾಚೆ, ಸಾಲಾಗಿ ನಿಂತ ಮೋಟರ್ ಸೈಕಲ್ಲುಗಳ ನಡುವೆ ಅಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಮಧ್ಯಾಹ್ನದಿಂದ ಅಲ್ಲೇ ಇದ್ದನೆಂದು ಅವನ ತಲೆಯ ಪಟಕದ ಮೇಲಿನ ಧೂಳೇ ಹೇಳುತ್ತಿತ್ತು.

“ಹೆಂಗಾತು?”

“ಬರದೇನಿ.”

“ಬರಿಯಾಕ ಹೋದಾಕಿ ಬರದs ಬರದಿರ್ತಿ. ಹೆಂಗಾತು ಅಂತ ಕೇಳಿದೆ.”

“ಹಸಿವಾಗೈತಿ, ಅಪ್ಪಾ.”

ಬಸ್ ಸ್ಟ್ಯಾಂಡಿನ ಹತ್ತಿರ ವಡಾಪಾವ ತಿಂದು ಗಡಹಿಂಗ್ಲಜದ ಬಸ್ಸು ಹಿಡಿದೆವು. ಕಾಗಲ ಬರುವಷ್ಟರಲ್ಲಿ ನಾನು ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಎಚ್ಚರಾದಾಗ ಅವನು ಅದೇ ಭಂಗಿಯಲ್ಲಿ, ಹೆಗಲು ಅಲುಗಿಸದೆ, ಕಿಟಕಿಯ ಆಚೆ ಕಬ್ಬು ನೋಡುತ್ತ ಕೂತಿದ್ದ. ನಾನು ಪಾಸಾಗಿಲ್ಲವೆಂದು ಅವನಿಗೆ ಆಗಲೇ ಗೊತ್ತಾಗಿತ್ತು ಅನ್ನಿಸುತ್ತದೆ.

ನಮ್ಮದು ಗಡಹಿಂಗ್ಲಜದಿಂದ ಗಡಿಯ ಕಡೆಗಿರುವ ಒಂದು ಹಳ್ಳಿ. ಒಂದಿಷ್ಟು ಕಬ್ಬಿನ ಹೊಲ, ಅರವತ್ತರ ಮೇಲೆ ಕುರಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಹತ್ತನೆಯವರೆಗೆ ನಾನು ಊರಿನ ಕನ್ನಡ ಶಾಲೆಯಲ್ಲೇ ಕಲಿತೆ. ಹನ್ನೊಂದನೆಯ ಇಯತ್ತೆಗೆ ಗಡಹಿಂಗ್ಲಜದಲ್ಲಿ ಸಾಯನ್ಸ್ ಹಿಡಿದ ಮೇಲೆ ಪುಸ್ತಕ ಇಂಗ್ಲಿಷಿನದಾಯಿತು, ಅದನ್ನು ವಿವರಿಸುವ ಮಾತು ಮರಾಠಿಯದಾಯಿತು. ಪ್ರತಿಯೊಂದು ವಸ್ತುವಿಗೂ ನನ್ನ ತಲೆಯಲ್ಲಿ ಮೂರು ಹೆಸರುಗಳಿದ್ದವು, ಮೂರೂ ಅರ್ಧರ್ಧ.

ಹಲ್ಲಿನ ಡಾಕ್ಟರಾಗಬೇಕೆಂಬುದು ನನಗೆ ಎಂಟನೆಯ ಇಯತ್ತೆಯಿಂದ ಇದ್ದ ಆಸೆ. ಆ ವರ್ಷ ಅಪ್ಪನ ದವಡೆ ಬಾತುಕೊಂಡಿತ್ತು. ಲವಂಗ ಇಟ್ಟ, ತಂಬಾಕು ಒತ್ತಿದ, ಕೊನೆಗೆ ಬಾಯಿ ತೆರೆಯಲಾಗದೆ ಗಡಹಿಂಗ್ಲಜದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದ. ಆಕೆಗೆ ಕನ್ನಡ ಬಾರದು. ನೋವಿನ ವಿಷಯ ಬಂದರೆ ಅಪ್ಪನಿಗೆ ಮರಾಠಿ ಬಾರದು. ನಡುವೆ ನಾನು ನಿಂತೆ. “ಜುಮ್ಮ್ ಅಂತೈತಿ, ಆಮ್ಯಾಲ ಸೆಳೀತೈತಿ, ಮಲಗಿದ್ರ ಕುಟುಕತೈತಿ,” ಎಂದ ಅಪ್ಪ. ನಾನು ಮೂರಕ್ಕೂ ‘ದುಖತಂಯ’, ನೋಯುತ್ತದೆ, ಎಂದೆ. ಡಾಕ್ಟರಮ್ಮ ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು, ಹಾಗಲ್ಲ, ಅವರು ಮೂರು ಬೇರೆ ಮಾತು ಹೇಳಿದರು, ಮೂರನ್ನೂ ಬೇರೆ ಬೇರೆ ಮಾಡಿ ಹೇಳು, ಅದರ ಮೇಲೆಯೇ ನಾನು ಹಲ್ಲು ಉಳಿಸಬೇಕೋ ಕೀಳಬೇಕೋ ನಿಶ್ಚಯ ಮಾಡುವುದು, ಎಂದರು. ಹಲ್ಲು ಉಳಿಯಿತು. ಅಪ್ಪನ ನೋವಿನ ಮಾತನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಜೂನಿನಲ್ಲಿ ನಿಕಾಲ, ಅಂದರೆ ಫಲಿತಾಂಶ, ಬಂತು. ಸೀಟು ಹಂಚುವ ಯಾವ ಸುತ್ತಿನಲ್ಲೂ ಯಾವ ಕಾಲೇಜೂ ಸಿಗದಷ್ಟು ಕೆಳಗಿದ್ದೆ. ಇನ್ನೊಂದು ವರ್ಷ ಕೊಲ್ಲಾಪುರದ ಕೋಚಿಂಗ್ ಕ್ಲಾಸಿಗೆ ಹೋಗುವುದು, ಇಚಲಕರಂಜಿಯಲ್ಲಿ ಅಪ್ಪನ ತಂಗಿಯ ಮನೆಯಲ್ಲಿ ಉಳಿಯುವುದು ಎಂದಾಯಿತು.

ಅತ್ತೆಯ ಮನೆ ಎರಡು ಕೋಣೆಯದು. ಅದರ ಹಿಂಗೋಡೆಯ ಆಚೆಯೇ ವಿದ್ಯುತ್ ಮಗ್ಗಗಳ ಶೆಡ್ಡು. ಮಾಮ ಅಲ್ಲಿಯೇ ಪಾಳಿಯಲ್ಲಿ ದುಡಿಯುತ್ತಿದ್ದ. ಅತ್ತೆ ಮನೆಯೊಳಗೇ ಸಣ್ಣ ಯಂತ್ರವೊಂದನ್ನಿಟ್ಟುಕೊಂಡು ಕಾಂಡಿ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಗೋಡೆ ಯಾವಾಗಲೂ ನಡುಗುತ್ತಿತ್ತು. ಮೊದಲ ವಾರ ನನಗೆ ತಲೆನೋವು. ಒಂದು ತಿಂಗಳಿಗೆ ಆ ಸದ್ದಿಲ್ಲದೆ ಓದಲಾಗದಂತಾಯಿತು. ವಾರದ ರಜೆಯ ದಿನ ಮಗ್ಗ ನಿಂತರೆ ಪುಸ್ತಕದ ಅಕ್ಷರಗಳೂ ನಿಂತುಬಿಡುತ್ತಿದ್ದವು.

ಬೆಳಿಗ್ಗೆ ಆರೂವರೆಯ ಬಸ್ಸು. ಹಾತಕಣಂಗಲೆ ದಾಟುವವರೆಗೆ ನಿಂತೇ ಹೋಗಬೇಕು. ಕಂಬಿ ಹಿಡಿದ ಕೈಯಲ್ಲೇ ಸಣ್ಣ ಚೀಟಿ, ಅದರಲ್ಲಿ ಸೂತ್ರಗಳು. ಕೊಲ್ಲಾಪುರದ ಕ್ಲಾಸಿನಲ್ಲಿ ಒಂದೊಂದು ಹಾಲಿಗೆ ಇನ್ನೂರು ಮಂದಿ. ರವಿವಾರ ಪರೀಕ್ಷೆ, ಸೋಮವಾರ ಗೋಡೆಗೆ ಅಂಕಗಳ ಯಾದಿ. ಆ ಯಾದಿಯ ಪ್ರಕಾರವೇ ಬೆಂಚು. ಮೇಲಿನವರು ಮುಂದೆ, ಕೆಳಗಿನವರು ಹಿಂದೆ. ಜುಲೈಯಲ್ಲಿ ನಾಲ್ಕನೆಯ ಬೆಂಚಿನಲ್ಲಿದ್ದವಳು ದೀಪಾವಳಿಯ ಹೊತ್ತಿಗೆ ಹದಿನಾಲ್ಕನೆಯದಕ್ಕೆ ಬಂದಿದ್ದೆ. ಅಲ್ಲಿಂದ ಬೋರ್ಡು ಕಾಣುತ್ತಿತ್ತು, ಆದರೆ ಸರ್ ನನ್ನ ಕಡೆ ನೋಡುತ್ತಿರಲಿಲ್ಲ.

ಸೇರುವ ದಿನ ತುಂಬಿದ ಫಾರ್ಮಿನಲ್ಲಿ ‘ಧ್ಯೇಯ’ ಎಂಬ ಕಾಲಂ ಇತ್ತು. ನಾನು ಡೆಂಟಲ್ ಎಂದು ಬರೆದಿದ್ದೆ. ಜೀವಶಾಸ್ತ್ರದ ಸರ್ ಓದಿ ನಕ್ಕು, “ಡೆಂಟಲ್ ಹೇ ಕಾಯ್ ಧ್ಯೇಯ ಅಸತಂ ಕಾ?” ಎಂದರು. ಅದೂ ಒಂದು ಗುರಿಯೇನು, ಎಂಬಿಬಿಎಸ್ ತಪ್ಪಿದವರು ಹೋಗಿ ಬೀಳುವ ಜಾಗ ಅದು ಎಂಬ ಅರ್ಥದಲ್ಲಿ. ಕೆಟ್ಟ ಮನುಷ್ಯರಲ್ಲ, ನಗಿಸಲೆಂದೇ ಅಂದದ್ದು. ನಾನೂ ನಕ್ಕು, ಅದನ್ನು ಹೊಡೆದುಹಾಕಿ ಎಂಬಿಬಿಎಸ್ ಎಂದು ಬರೆದೆ. ಮುಂದೆ ಯಾರು ಕೇಳಿದರೂ ಅದನ್ನೇ ಹೇಳಿದೆ. ಬೇಡದ ವಸ್ತುವನ್ನು ಬೇಕು ಬೇಕು ಎಂದು ದಿನಾ ಹೇಳುವುದರಲ್ಲಿಯೂ ಒಂದು ಆಯಾಸವಿದೆ. ಅದು ಬಸ್ಸಿನಲ್ಲಿ ನಿಂತ ಆಯಾಸಕ್ಕಿಂತ ದೊಡ್ಡದು.

ಡಿಸೆಂಬರಿನ ಒಂದು ಸೋಮವಾರ ನಾನು ಕ್ಲಾಸಿಗೆ ಹೋಗಲಿಲ್ಲ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಗೋಡೆಯ ಮೇಲಿನ ಯಾದಿ ನೋಡುವ ಶಕ್ತಿ ಇರಲಿಲ್ಲ, ಅಷ್ಟೇ. ರಂಕಾಳ ಕೆರೆಯ ದಂಡೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು, ಡಬ್ಬಿಯ ರೊಟ್ಟಿ ತಿಂದು, ಯಾವಾಗಲೂ ಬರುವ ಬಸ್ಸಿಗೇ ಮನೆಗೆ ಬಂದೆ. ಮರುದಿನವೂ ಹಾಗೆಯೇ. ಒಂಬತ್ತು ದಿನ ಕೂತೆ. ವಾಕಿಂಗ್ ಬರುವ ಮುದುಕರಿಗೆ ನನ್ನ ಗುರುತು ಹತ್ತಿತು. ಒಬ್ಬರು, ಮಗೂ, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ, ಎಂದು ಮರಾಠಿಯಲ್ಲಿ ಕೇಳಿದರು. ಸರಿ ಇದೆ, ಪರೀಕ್ಷೆಗೆ ಓದುತ್ತಿದ್ದೇನೆ, ಎಂದೆ. ಕೈಯಲ್ಲಿ ಪುಸ್ತಕ ಇರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕುವಾಗ ಅತ್ತೆ ಯಂತ್ರ ನಿಲ್ಲಿಸಿದಳು.

“ಎಲ್ಲಿಗಿ?”

“ಕ್ಲಾಸಿಗಿ.”

“ನಿನ್ನಿ ಕ್ಲಾಸಿನವರ ಫೋನ್ ಬಂದಿತ್ತು. ಹುಡುಗಿಗಿ ಆರಾಮ ಇಲ್ಲೇನ್ರಿ, ಅಂತ ಕೇಳಿದ್ರು.”

ನಾನು ಬಾಗಿಲಲ್ಲೇ ನಿಂತೆ. “ನೀ ಏನಂದಿ?”

“ಆರಾಮ ಇಲ್ಲ ಅಂದೆ. ಖರೇನ ಐತಲ್ಲ ಅದು?” ಅವಳು ನನ್ನ ಮುಖವನ್ನೇ ನೋಡಿದಳು. “ಎಲ್ಲಿಗಿ ಹೋಗ್ತಿದ್ದಿ?”

“ರಂಕಾಳದ ದಂಡಿಗಿ.”

“ಅಲ್ಲಿ ಯಾರರ ಅದಾರೇನು?”

“ಯಾರೂ ಇಲ್ಲ ಅತ್ತಿ. ಸುಮ್ಮ ಕುಂದರತೇನಿ. ನನಗ ಭಾಳ ದಣಿವಾಗೈತಿ.”

ಅಪ್ಪನಿಗೆ ಹೇಳುತ್ತಾಳೆ, ಊರಿಗೆ ಕಳಿಸುತ್ತಾಳೆ ಎಂದುಕೊಂಡೆ. ಅವಳು ಎದ್ದು ನನ್ನ ಹೆಗಲಿನ ಚೀಲ ಇಳಿಸಿ ಗೂಟಕ್ಕೆ ಸಿಗಿಸಿದಳು. “ಒಂದ ವಾರಾ ಪುಸ್ತಕ ಮುಟ್ಟಬ್ಯಾಡ. ಇಲ್ಲಿ ಕುಂತು ಕಾಂಡಿ ನೋಡ್ಕೊ. ನೂಲು ಹರಿದ್ರ ಗಂಟ ಹಾಕು. ನನಗೂ ಬೆನ್ನ ನೊಯ್ಯಾಕತ್ತೈತಿ.”

ಹಾಗೆ ನಾನು ಕಾಂಡಿ ಯಂತ್ರದ ಮುಂದೆ ಕೂತೆ. ತುಂಬಿದ ಕಡ್ಡಿ ತೆಗೆಯುವುದು, ಖಾಲಿಯದು ಸಿಗಿಸುವುದು, ಹರಿದ ಎಳೆ ಹುಡುಕಿ ಗಂಟು ಹಾಕುವುದು. ಮೊದಲ ಎರಡು ದಿನ ನನ್ನ ಗಂಟು ನಿಲ್ಲಲೇ ಇಲ್ಲ. ಮೂರನೆಯ ದಿನದಿಂದ ಕೈಗೆ ಹತ್ತಿತು. ಸಂಜೆಗೆ ಬುಟ್ಟಿ ತುಂಬುತ್ತಿತ್ತು. ಅದಕ್ಕೆ ಯಾರೂ ಯಾದಿ ಹಚ್ಚುತ್ತಿರಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆ ಎದುರಿಗೆ ಕೂತು ಮೆಂತ್ಯ ಬಿಡಿಸುತ್ತ, “ಅಂಥಾದ್ದೇನೈತಿ ಆ ಪುಸ್ತಕದಾಗ? ನನಗಷ್ಟ ಹೇಳು ನೋಡೂಣು,” ಎಂದಳು. ಅವಳು ಏಳನೆಯವರೆಗೆ ಊರ ಶಾಲೆಯಲ್ಲೇ ಕಲಿತವಳು. ನಾನು ಬೇಸರದಿಂದಲೇ ಮೂತ್ರಪಿಂಡದ ಪಾಠ ಹೇಳಿದೆ. ರಕ್ತ ಬರುತ್ತದೆ, ಸೋಸುತ್ತದೆ, ಸೋಸಿದ್ದರಲ್ಲಿ ಹೆಚ್ಚಿನ ಪಾಲು ನೀರು ಮತ್ತೆ ಒಳಗೇ ಹೋಗುತ್ತದೆ, ಉಳಿದದ್ದು ಮೂತ್ರ.

ಅತ್ತೆಯ ಕೈ ನಿಂತಿತು. “ತಡಿ. ಹೊರಗ ಹಾಕಾಕ ಅಂತ ಸೋಸಿತು. ಮತ್ತ ಅದನ್ನ ಒಳಗ್ಯಾಕ ತಗೋತೈತಿ? ಮೊದಲs ಇಟ್ಗೊಂಡಿದ್ರ ಆಗ್ತಿರಲಿಲ್ಲೇನ?”

ಆ ಪಾಠದ ಮೇಲೆ ನೂರಾರು ಪ್ರಶ್ನೆ ಬಿಡಿಸಿದ್ದೆ. ಯಾವ ಭಾಗದಲ್ಲಿ ಎಷ್ಟು ನೀರು ಮರಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಯಾಕೆ ಎಂದು ಮಾತ್ರ ನಾನು ಕೇಳಿಕೊಂಡಿರಲೇ ಇಲ್ಲ. ಗೂಟದ ಚೀಲದಿಂದ ಪುಸ್ತಕ ತೆಗೆದು ಓದಿ, ಮರುದಿನ ಹೇಳಿದೆ. ಆ ಜರಡಿಗೆ ಬೇಕಾದದ್ದು ಬೇಡವಾದದ್ದು ಗೊತ್ತಾಗುವುದಿಲ್ಲ, ಸಣ್ಣದು ದೊಡ್ಡದು ಮಾತ್ರ ಗೊತ್ತು. ಅದಕ್ಕೆ ಸಣ್ಣದೆಲ್ಲವನ್ನೂ ಹೊರಗೆ ಬಿಟ್ಟು, ಆಮೇಲೆ ಬೇಕಾದದ್ದನ್ನು ಆರಿಸಿ ಒಳಗೆ ತಗೊಳ್ಳುತ್ತದೆ.

“ಅಂದ್ರ ದಸರಿಗಿ ಮನಿ ಸಾಮಾನೆಲ್ಲಾ ಅಂಗಳಕ್ಕ ಹಾಕಿ, ಬೇಕಾದ್ದಷ್ಟ ಒಳಗ ತಗೊಂಡಂಗ.”

“ಹೂಂ ಅತ್ತಿ. ಅಗದಿ ಹಂಗs.”

ಅವತ್ತಿನಿಂದ ದಿನಕ್ಕೊಂದು ಪಾಠ. ವಾರ ಮುಗಿದು ನಾನು ಮತ್ತೆ ಬಸ್ಸು ಹತ್ತಿದ ಮೇಲೂ ಸಂಜೆ ಅತ್ತೆಯ ಮುಂದೆ ಕೂತು ಹೇಳುವುದು ತಪ್ಪಲಿಲ್ಲ. ಕನ್ನಡದಲ್ಲಿ ಹೇಳಲು ಹೋದಾಗಲೇ ನನಗೆ ಯಾವುದು ಬರುತ್ತದೆ, ಯಾವುದು ಬರೀ ಬಾಯಿಪಾಠ ಎಂದು ಗೊತ್ತಾಗುತ್ತಿತ್ತು. ಬಾರದ್ದೇ ಹೆಚ್ಚಿತ್ತು. ಭೌತಶಾಸ್ತ್ರಕ್ಕೆ ಬಂದಾಗ ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದಳು. ನಾನೂ ತೂಕಡಿಸುತ್ತಿದ್ದೆ.

ಪರೀಕ್ಷೆಯ ಅರ್ಜಿ ತುಂಬುವಾಗ ಭಾಷೆಯ ಪ್ರಶ್ನೆ ಬಂತು. ಕನ್ನಡದ ಪ್ರಶ್ನೆಪತ್ರಿಕೆ ಬೇಕೆಂದರೆ ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ನಮಗೆ ಹತ್ತಿರದ್ದೆಂದರೆ ಬೆಳಗಾವಿ. ಪತ್ರಿಕೆಯಲ್ಲಿ ಇಂಗ್ಲಿಷೂ ಇರುತ್ತದೆ, ಜೊತೆಗೆ ಕನ್ನಡವೂ. ಜೀವಶಾಸ್ತ್ರದ ಸರ್ ಬೇಡವೆಂದರು. ವರ್ಷವಿಡೀ ಇಂಗ್ಲಿಷಿನ ಪ್ರಶ್ನೆ ಬಿಡಿಸಿ ಈಗ ಭಾಷೆ ಬದಲಾಯಿಸಿದರೆ ಗೊಂದಲವಾಗುತ್ತದೆ, ಎಂದರು. ಅಪ್ಪನ ಚಿಂತೆ ಬೇರೆ. “ಅಲ್ಲಿ ಬರದ್ರ ನಿನ್ನ ಕರ್ನಾಟಕದಾಕಿ ಅಂತ ಹಿಡಿತಾರೇನ? ಇಲ್ಲಿ ಸೀಟ್ ಹೋಗ್ತದೇನು?” ಹಾಗಿಲ್ಲವೆಂದು ವಿಚಾರಿಸಿಕೊಂಡು ಬಂದು ಹೇಳಿದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ, “ನಿನಗ ತಿಳದಂಗ ಮಾಡು,” ಎಂದ. ಅದೇ ಅರ್ಜಿ ತುಂಬಿದ ದಿನ ನಾನು ಸರ್ ಬಳಿ ನಿಂತು, ನನಗೆ ಡೆಂಟಲ್ಲೇ ಬೇಕು ಎಂದು ಹೇಳಿದೆ. ಅವರು ತಲೆಯೆತ್ತಿ ನೋಡಿ, ಸರಿ, ಅದಕ್ಕೂ ಅಂಕ ಬೇಕಲ್ಲ, ಎಂದರು.

ಬೆಳಗಾವಿಯಲ್ಲಿ ಬಿಸಿಲು ಸುಡುತ್ತಿತ್ತು. ಗೇಟಿನಲ್ಲಿ ಕಿವಿಯೋಲೆ, ಅವ್ವ ಕಟ್ಟಿದ ಕರಿದಾರ ಎಲ್ಲ ತೆಗೆಸಿದರು. ಪತ್ರಿಕೆ ಕೈಗೆ ಬಂದಾಗ ಕನ್ನಡವನ್ನೇ ಓದಿದೆ. ಕೆಲವು ಶಬ್ದ ನಾನು ಶಾಲೆಯಲ್ಲಿ ಕಲಿತು ಮರೆತವು, ಕೆಲವು ಎಂದೂ ಕೇಳದವು. ಹತ್ತು ಪ್ರಶ್ನೆಯಾಗುವಷ್ಟರಲ್ಲಿ ಸರ್ ಹೇಳಿದ್ದೇ ಖರೆ ಆಯಿತೇನೋ ಅನ್ನಿಸಿತು. ಆಮೇಲೆ ಇಂಗ್ಲಿಷನ್ನೇ ಓದಿದೆ. ಸುತ್ತಿ ಬಳಸಿ ಕೇಳಿದ ಕಡೆ ಮಾತ್ರ ಕನ್ನಡಕ್ಕೆ ಬಂದೆ. ಅಲ್ಲಿ ಅದು ಕೈಹಿಡಿಯಿತು. ಎಷ್ಟು ಪ್ರಶ್ನೆಗಳಲ್ಲಿ ಎಂದು ಕೇಳಿದರೆ ಎಂಟೋ ಹತ್ತೋ. ಅಷ್ಟಕ್ಕಾಗಿ ಬೆಳಗಾವಿಗೆ ಬಂದದ್ದು ಸರಿಯೋ ತಪ್ಪೋ ಇಂದಿಗೂ ನನಗೆ ಗೊತ್ತಿಲ್ಲ.

ನಿಕಾಲ ಬಂದಾಗ ಸರ್ ಹೇಳುತ್ತಿದ್ದ ಎಂಬಿಬಿಎಸ್ ನನ್ನಿಂದ ದೂರವೇ ಇತ್ತು. ಡೆಂಟಲ್ಲಿನ ಅಂಚಿನಲ್ಲಿದ್ದೆ. ಮೊದಲ ಸುತ್ತಿನಲ್ಲಿ ಹೆಸರು ಬರಲಿಲ್ಲ. ಎರಡನೆಯದರಲ್ಲಿಯೂ ಇಲ್ಲ. ಅಷ್ಟರಲ್ಲಿ ನಾನು ಊರಿಗೆ ಬಂದು, ಅವ್ವನ ಜೊತೆ ಕುರಿಯ ಹಟ್ಟಿ ಗುಡಿಸುತ್ತ, ಗಡಹಿಂಗ್ಲಜದಲ್ಲಿ ಬಿಎಸ್ಸಿಗೆ ಹೆಸರು ಹಚ್ಚಿದ್ದೆ. ಮೂರನೆಯ ಸುತ್ತಿನ ಯಾದಿಯನ್ನು ಹಿರಣ್ಯಕೇಶಿಯ ಸೇತುವೆಯ ಮೇಲೆ ನಿಂತ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ನನ್ನ ಹೆಸರಿತ್ತು, ಮುಂದೆ ಕಾಲೇಜಿನ ಹೆಸರಿತ್ತು. ಕುಣಿಯಬೇಕೆನ್ನಿಸಲಿಲ್ಲ. ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಅತ್ತೆಗೆ ಫೋನು ಮಾಡಿದಾಗ ಹಿಂದೆ ಮಗ್ಗದ ಸದ್ದಿತ್ತು. ಮೂರು ಸಲ ಕೂಗಿ ಹೇಳಬೇಕಾಯಿತು. ತಿಳಿದ ಮೇಲೆ ಅವಳು ಬಿಕ್ಕಿದಳು. ಆಗ ನನಗೂ ಅಳು ಬಂತು.

ಕಾಲೇಜು ನಮ್ಮೂರಿನಿಂದ ಆರು ತಾಸಿನ ದಾರಿ. ಪ್ರವೇಶಕ್ಕೆ ಅಪ್ಪ ಜೊತೆಗೆ ಬಂದ. ಈ ಕಿಟಕಿ, ಆ ಕಿಟಕಿ, ಜೆರಾಕ್ಸು, ಫೋಟೋ ಎಂದು ಮಧ್ಯಾಹ್ನ ಮೂರಾಯಿತು. ಕೊನೆಯ ಕಾಗದಕ್ಕೆ ಮೊಹರು ಬಿದ್ದ ಮೇಲೆ ಹೊರಗಿನ ಬೆಂಚಿನಿಂದ ಅವನು ಪಟಕ ಸರಿಮಾಡಿಕೊಂಡು ಎದ್ದ.

“ಮುಗೀತಲ್ಲ? ಇನ್ನ ಪರೀಕ್ಷಾ ಇಲ್ಲಲ್ಲ?”

“ಅದಾವ ಅಪ್ಪಾ. ನಾಕ ವರ್ಷ, ವರ್ಷಾ ಪರೀಕ್ಷಾ.”

ಅವನು ಮತ್ತೆ ಬೆಂಚಿನ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ.

“ಹಂಗಾರ ಮೊದಲ ಚಾ ಕುಡಿಯೂಣು,” ಎಂದ.