ನಿಂತು ಕೊಟ್ಟ ಪರೀಕ್ಷೆ

ಎಂಬತ್ತರ ದಶಕದಲ್ಲಿ ಶಹಾಬಜಾರದ ಓಣಿಯಲ್ಲಿ ನನ್ನದೊಂದು ಟೈಪಿಂಗ್ ಕ್ಲಾಸ್ ಇತ್ತು. ಆ ಟಕಟಕ ಸದ್ದು ಕೇಳಿ ನಮ್ಮ ಅಜ್ಜಿ, "ಮನ್ಯಾಗ ದಿನಾ ಅಳ್ಳು ಹುರದಂಗ ಆಗ್ತದ ನೋಡಪ್ಪ" ಎನ್ನುತ್ತಿದ್ದಳು. ಅಜ್ಜಿ ಹೋದಳು, ಮಷೀನುಗಳು ತಮ್ಮ ಕಟ್ಟಿಗೆ ಪೆಟ್ಟಿಗೆಗಳ ಸಮೇತ ಅಟ್ಟ ಸೇರಿದವು. ಹೊಸ ಶತಮಾನ ಬಂದಾಗ ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ತೆರೆದೆ.

ಒಂದು ರವಿವಾರ ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಕಾಲೇಜಿನ ಹುಡುಗರು ಏನೇನು ನೋಡುತ್ತಿದ್ದರೋ, ಎಲ್ಲವನ್ನೂ ಪಟಪಟ ಮುಚ್ಚಿಬಿಟ್ಟರು. ನಾನೂ ಗಡಬಡಿಸಿ ಎದ್ದು ನಿಂತೆ.

"ಹೆದರಬ್ಯಾಡ್ರಿ ಅಣ್ಣಾರ," ಎಂದಳು. "ಹಿಡಿಯಾಕ ಬಂದಿಲ್ಲ. ಓದಾಕ ಬಂದೀನಿ."

ಆಕೆ ಕಮಲಾಪುರದ ಕಡೆ ಒಂದು ಹೊರಠಾಣೆಯಲ್ಲಿ ಹವಾಲ್ದಾರಳು. ನೌಕರಿಯಲ್ಲಿದ್ದವರಿಗೆಂದೇ ದೂರದ ವಿಶ್ವವಿದ್ಯಾಲಯವೊಂದು ಇಂಟರ್ನೆಟ್ಟಿನಲ್ಲಿ ಎಂ.ಎ. ಕಲಿಸುತ್ತಿತ್ತು. ಅಪರಾಧ, ನ್ಯಾಯ, ಅದರೊಳಗಿನ ನಾಯಕತ್ವ, ಇದೇ ವಿಷಯ. ಆಗ ಕಮಲಾಪುರದಲ್ಲಿ ನೆಟ್ ನೆಟ್ಟಗೆ ಸಿಗುತ್ತಿರಲಿಲ್ಲ. ಹಾಗಾಗಿ ರವಿವಾರಕ್ಕೊಮ್ಮೆ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದಳು. ಬರುವಾಗ ತಮ್ಮೂರಿನ ಕೆಂಪು ಬಾಳೆಹಣ್ಣು ತಪ್ಪದೆ ತರುತ್ತಿದ್ದಳು. ಎಲ್ಲೋ ಕೂತ ಮೇಷ್ಟ್ರು ನಮ್ಮ ಓಣಿಯ ಗಾಜಿನೊಳಗೆ ಮೂಡಿ ಪಾಠ ಹೇಳುವುದನ್ನು ನಾನು ಹಣ್ಣು ಸುಲಿಯುವುದನ್ನೂ ಮರೆತು ನೋಡುತ್ತಿದ್ದೆ.

ಮೊದಲ ಪಾಠದಲ್ಲೇ ಒಂದು ಮಜಾ ಆಯಿತು. ಮೇಷ್ಟ್ರು ಹೆಸರು ಕರೆದದ್ದೇ ತಡ, ಹಿಮ್ಮಡಿ ಕೂಡಿಸಿ ಎದ್ದು ಸೆಟೆದು ನಿಂತುಬಿಟ್ಟಳು. ಕ್ಯಾಮೆರಾದಲ್ಲಿ ಅತ್ತ ಕಂಡದ್ದು ಬರೀ ಸೊಂಟ.

"ಮೇಡಂ, ಬೆಲ್ಟ್ ಚೆನ್ನಾಗಿ ಕಾಣ್ತಾ ಇದೆ," ಎಂದರು ಮೇಷ್ಟ್ರು. "ಮುಖಾನೂ ಸ್ವಲ್ಪ ತೋರಿಸಿ."

ನೌಕರಿಗೆ ಸೇರಿದಂದಿನಿಂದ ಸಾಹೇಬರ ಎದುರು ಕೂತವಳಲ್ಲ. ಕಾಲಿಗೆ ಅಂಟಿದ ರೂಢಿ ಬುದ್ಧಿಯ ಮಾತು ಕೇಳುತ್ತದೆಯೇ?

"ಇದರಿಂದ ಬಡ್ತಿ ಸಿಗ್ತದೇನವ್ವ?" ಎಂದು ಒಮ್ಮೆ ಕೇಳಿದೆ.

"ಇಲ್ರಿ. ಠಾಣ್ಯಾಗೂ ಇದನ್ನೇ ಕೇಳಿ ನಗ್ತಾರ. ಆದ್ರ ಅಣ್ಣಾರ, ನಾ ಕಂಡದ್ದು ಮ್ಯಾಲಿನವ್ರಿಗೆ ಮುಟ್ಟಬೇಕಲ್ಲ? ಹವಾಲ್ದಾರಳ ಮಾತು ಯಾರ್ ಕೇಳ್ತಾರ? ಎಂ.ಎ. ಮಾಡಿದಾಕಿ ಮಾತು ಕೇಳಬಹುದು."

ಕೊನೆಗೆ ಮೌಖಿಕ ಪರೀಕ್ಷೆ ಬಂತು. ಪರೀಕ್ಷಕರು ನಿವೃತ್ತ ಪೊಲೀಸ್ ಸಾಹೇಬರು. ಬಿಳಿ ಮೀಸೆ, ಗುಡುಗಿನಂಥ ದನಿ. ಆ ದಿನ ಮುಖ ಕಾಣಲೆಂದು ಈಕೆ ಹಟ ಹಿಡಿದು ಕುರ್ಚಿಯಲ್ಲೇ ಕೂತಳು. "ಸರ್..." ಎಂದಳು, ಮುಂದೆ ಮಾತೇ ಹೊರಡಲಿಲ್ಲ. ಇನ್ನೊಂದೇ ಅವಕಾಶ ಕೊಡುತ್ತೇವೆ, ಆಗಲೂ ಬಾಯಿ ಬಿಡದಿದ್ದರೆ ಪದವಿ ಇಲ್ಲ ಎಂದು ಸಾಹೇಬರು ಹೇಳಿ ಮಾಯವಾದರು.

"ಕಳ್ಳನ ಬೆನ್ನ ಹತ್ತಿ ಓಡೀನ್ರಿ ಅಣ್ಣಾರ, ಹೆದರಿಲ್ಲ," ಎಂದಳು, ಕಣ್ಣು ಒರೆಸಿಕೊಂಡು. "ಸಾಹೇಬ್ರ ಮುಂದ ಕುಂತ್ರ ನಾಲಿಗಿ ಒಣಗ್ತದ."

ನಮ್ಮ ಅಜ್ಜಿಯ ಮಾತೊಂದಿತ್ತು: ಆಕಳು ಬಗ್ಗಲಿಲ್ಲ ಅಂದ್ರ ಮೇವಿನ ಗ್ವಾದಲಿ ಎತ್ತರ ಮಾಡು. ಎರಡನೆಯ ಪರೀಕ್ಷೆಯ ದಿನ ಅಟ್ಟದ ಮೇಲಿನ ಟೈಪಿಂಗ್ ಮಷೀನಿನ ಪೆಟ್ಟಿಗೆಗಳನ್ನು ಇಳಿಸಿ, ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿ, ಕಂಪ್ಯೂಟರಿನ ಪರದೆಯನ್ನೂ ಕ್ಯಾಮೆರಾವನ್ನೂ ಅದರ ಮೇಲೇರಿಸಿದೆ. ಕುರ್ಚಿ ತೆಗೆದು ಹೊರಗಿಟ್ಟೆ.

"ಈಗ ನಿಂದರು ತಂಗಿ. ನಿಂತೇ ಮಾತಾಡು."

ಲೈನು ನಿಧಾನವಿತ್ತು, ಉಳಿದವರು ನೆಟ್ ಬಿಟ್ಟರಷ್ಟೇ ಚಿತ್ರ ಕಡಿಯದೆ ಬರುತ್ತಿತ್ತು. ಹುಡುಗರು ಗೊಣಗುತ್ತ ಎದ್ದರು. ರೋಜಾ ಬಡಾವಣೆಯ ಕಡೆಯ ಮುದುಕಿಯೊಬ್ಬಳು ದುಬೈಯಲ್ಲಿದ್ದ ಮಗನ ಮುಖ ನೋಡುತ್ತ ಕೂತಿದ್ದಳು. ಅವಳಿಗೆ ಹೇಗೆ ಹೇಳುವುದೆಂದು ನಾನು ತಡವರಿಸುವುದರೊಳಗೇ ಮಗನಿಗೆ ಹೇಳಿಬಿಟ್ಟಳು: "ಬಂದ್ ಕರ್ ಬೇಟಾ. ಇಧರ್ ಏಕ್ ಬೇಟಿ ಕಾ ಇಮ್ತಿಹಾನ್ ಹೈ." ಹೆಣ್ಣುಮಗಳೊಬ್ಬಳ ಪರೀಕ್ಷೆಯೆಂದು ಮಗನನ್ನೇ ಕಳಿಸಿಕೊಟ್ಟಳು.

ಬಿಳಿ ಮೀಸೆ ಮೂಡಿತು.

"ಠಾಣೆಯ ಬೆಂಚಿನ ಬಗ್ಗೆ ಪ್ರಬಂಧ ಬರೆದಿದ್ದೀರಿ. ಬೆಂಚಿಗೂ ನಾಯಕತ್ವಕ್ಕೂ ಏನ್ರೀ ಸಂಬಂಧ?"

ಈಕೆಯ ನಾಲಿಗೆ ಈ ಸಲ ಒಣಗಲಿಲ್ಲ.

"ದೂರು ಕೊಡಾಕ ಬಂದವ್ರು ಬೆಂಚಿನ ಮ್ಯಾಲ ಕೂಡಂಗಿಲ್ರಿ ಸರ್. ಕೂಡ್ರಿ ಅಂದ್ರೂ ಗ್ವಾಡಿಗೆ ಹತ್ತಿ ನೆಲಕ್ಕ ಕುಕ್ಕರಗಾಲಿಲೆ ಕೂಡ್ತಾರ. ಒಂದಿನ ತಾಂಡಾದ ಹೆಣಮಗಳೊಬ್ಬಾಕಿ ಆಡು ಕಳದದ ಅಂತ ಬಂದ್ಳು. ಎಷ್ಟ್ ಕೇಳಿದ್ರೂ ಆಡಿನ ಬಣ್ಣ ಹೇಳವಲ್ಲಳು. ನಾ ಹೋಗಿ ಆಕಿ ಬಾಜೂಕ ನೆಲದ ಮ್ಯಾಲ ಕುಂತೆ. ಏನೂ ಕೇಳಲಿಲ್ಲ. ಬಾಳ ಹೊತ್ತಿನ ಮ್ಯಾಲ ಆಕಿ ಸೆರಗು ಸರಿಸಿ ತೋಳು ತೋರಿಸಿದ್ಳು. ಸುಟ್ಟ ಗಾಯ ರೀ. ಆಡು ಕಳದಿದ್ದೇ ಇಲ್ಲ. ಅಂದಿನಿಂದ ನಾ ನೆಲಕ್ಕ ಕುಂತೇ ದೂರು ಕೇಳ್ತೀನಿ. ನನ್ನ ನೋಡಿ ನಮ್ಮ ಹುಡುಗ್ರೂ ಕೂಡಾಕತ್ಯಾರ, ಯಾರೂ ಹುಕುಂ ಕೊಟ್ಟಿಲ್ಲ. ಈಗ ಮಂದಿ ಹೆದರಿಕಿ ಬಿಟ್ಟು ತಾವೇ ಬೆಂಚಿಗೆ ಬರತಾರ. ಮುಂದ ಹೋಗಿ ಕೂಡಾದೇ ನಾಯಕತ್ವ ಅಂತ ನನಗ ತಿಳದದ ರೀ."

ಸಾಹೇಬರು ಮುಂದಕ್ಕೆ ಬಾಗಿ, ಆಕೆಯ ಹಿಂದೆ ಕುರ್ಚಿ ಇಲ್ಲದ್ದನ್ನು ಗಮನಿಸಿದಂತಿತ್ತು.

"ಇಷ್ಟು ಹೇಳಿದ ನೀವೇ ಯಾಕೆ ನಿಂತಿದ್ದೀರಿ?"

"ತಾವು ಸಾಹೇಬ್ರು ರೀ," ಎಂದಳು.

ಇದ್ದಕ್ಕಿದ್ದಂತೆ ಪರದೆಯಿಂದ ಮೀಸೆ ಮೇಲಕ್ಕೆ ಸರಿದು ಕಾಣದಾಯಿತು. ಅಂಗಿಯ ಗುಂಡಿಗಳು, ತುಂಬಿದ ಹೊಟ್ಟೆ, ಇಷ್ಟೇ ಉಳಿಯಿತು. ಅವರ ಕ್ಯಾಮೆರಾ ಬಿತ್ತೆಂದು ನಾನು ಗಾಬರಿಯಾದೆ. ದನಿ ಮೇಲಿನಿಂದ ಬಂತು.

"ಹಾಗಾದ್ರೆ ನಾನೂ ನಿಲ್ತೀನಿ. ಮುಂದೆ ಹೇಳಿ."

ಜಿಲ್ಲೆಗಳನ್ನಾಳಿದ ಅಂಥ ದೊಡ್ಡ ಅಧಿಕಾರಿ ನಮ್ಮ ಕಡೆಯ ಹವಾಲ್ದಾರಳಿಗೆ ಎದ್ದು ನಿಂತಿದ್ದರು! ಬಂದೇನವಾಜರ ದರ್ಗಾದ ಕಡೆ ತಿರುಗಿ ಕೈ ಮುಗಿಯಬೇಕೆನಿಸಿತು ನನಗೆ. ಪರೀಕ್ಷೆ ಮುಗಿಯುವ ತನಕ ಹೊಟ್ಟೆ ಅಲುಗಲಿಲ್ಲ, ಈಕೆಯೂ ಆ ಗುಂಡಿಗಳ ಮೇಲೆ ಕಣ್ಣಿಟ್ಟು ಉತ್ತರ ಹೇಳುತ್ತಲೇ ಹೋದಳು.

"ಪಾಸಾಗಿದ್ದೀರಿ," ಎಂದಿತು ದನಿ. "ಈ ಪ್ರಬಂಧವನ್ನ ನಾಲ್ಕು ಜನ ಅಧಿಕಾರಿಗಳ ಕೈಗೆ ನಾನೇ ಕೊಡ್ತೀನಿ. ಈಗಲಾದರೂ ಇಬ್ಬರೂ ಕೂತ್ಕೊಳ್ಳೋಣ, ಮಂಡಿ ನೋಯ್ತಾ ಇದೆ."

ಆಕೆ ಹಿಂದೆ ನೋಡಿದಳು. ಕುರ್ಚಿ ನಾನೇ ತೆಗೆದಿದ್ದೆನಲ್ಲ! ಮುದುಕಿ ಎದ್ದು ತನ್ನ ಕುರ್ಚಿಯನ್ನು ಮುಂದೆ ನೂಕಿ, "ಬೈಠೋ ಬೇಟಿ" ಎಂದಳು. ಆಕೆ ಸಾವಕಾಶ ಕೂತಳು. ಪರದೆಯಲ್ಲಿ ಮೀಸೆ ಇಳಿದು ಬಂದು ಅತ್ತಿತ್ತ ಹುಡುಕಿತು.

"ಎಲ್ಲಿ ಹೋದ್ರೀ? ಗೋಡೆ ಮಾತ್ರ ಕಾಣ್ತಾ ಇದೆ."

ಪೆಟ್ಟಿಗೆಗಳ ಕೆಳಗಿನಿಂದ ಆಕೆ ಗಟ್ಟಿಯಾಗಿ ಹೇಳಿದಳು:

"ಇಲ್ಲೇ ಅದೀನ್ರಿ ಸರ್. ಕುಂತೀನಿ."