ಕೋರ್ಟಿನಲ್ಲಿ ಅತ್ತೆ ಹಾಕುತ್ತಿದ್ದ ಗೆರೆ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಭಾನುವಾರ ಮಧ್ಯಾಹ್ನದವರೆಗೂ ಬೆಳ್ಳಗೇ ಇರುತ್ತಿದ್ದವು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ರಂಗೋಲಿ ಪುಡಿ ಉಳಿಯುತ್ತಿತ್ತು. ಆ ಎರಡು ಬೆರಳುಗಳ ನಡುವಿನಿಂದ ಪುಡಿ ಒಂದೇ ಸಮನೆ ಇಳಿಯುತ್ತಿತ್ತು. ನಡೆಯುತ್ತ ನಡೆಯುತ್ತಲೇ ಅಷ್ಟುದ್ದದ ಗೆರೆಯನ್ನು ಎಲ್ಲೂ ಕಡಿಯದೆ ಎಳೆದುಬಿಡುತ್ತಿದ್ದರು. ಅರವತ್ತೆಂಟು ವರ್ಷ, ಮೊಣಕಾಲಿನಲ್ಲಿ ನೋವು. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರೆಂದರೆ ಗೆರೆ ಮುಗಿಯುವವರೆಗೆ ನೆಟ್ಟಗಾಗುತ್ತಿರಲಿಲ್ಲ. ಇದೆಲ್ಲ ಮನೆಯ ಮುಂದಲ್ಲ, ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ.

ಅವರು ನನ್ನ ಗೆಳತಿ ವಾಣಿಯ ಅತ್ತೆ. ವಾಣಿ ಕರೆಯುತ್ತಿದ್ದ ಹಾಗೆ ನಾವೂ ಅತ್ತೆ ಎಂದೆವು. ಕೊನೆಗೆ ಇಪ್ಪತ್ತಾರು ಹೆಂಗಸರಿಗೆ ಒಬ್ಬರೇ ಅತ್ತೆ. "ಒಬ್ಬ ಸೊಸೇನ ಸಂಭಾಳ್ಸೋದೇ ಸಾಕಾಗಿತ್ತು. ಈಗ ನೋಡು ಮಾರಾಯ್ತಿ, ಒಂದು ಬಸ್ ತುಂಬ ಸೊಸೆಯಂದ್ರು," ಎಂದು ಅವರೇ ನಗುತ್ತಿದ್ದರು.

ಲೀಗ್ ಶುರು ಮಾಡಿದ್ದು ನಾನು. ಇದನ್ನು ಹೇಳಿಕೊಂಡು ತಿರುಗುವ ಚಟ ನನಗೆ ಮೊದಲಿನಿಂದಲೂ ಇದೆ. ವಿನೋಬನಗರದಲ್ಲಿ ನಾನೂ ನನ್ನ ಗಂಡನೂ ಮೆಡಿಕಲ್ ಶಾಪ್ ನಡೆಸುತ್ತೇವೆ. ಶಾಲೆಯಲ್ಲಿ ನನ್ನ ಜೊತೆ ಆಡುತ್ತಿದ್ದ ವಾಣಿ ಒಂದು ದಿನ ಮಾತ್ರೆ ತೆಗೆದುಕೊಳ್ಳಲು ಬಂದವಳು, ಕೌಂಟರಿನ ಮೇಲೆ ಬೆರಳಾಡಿಸುತ್ತ, "ನಿನಗೆ ಇನ್ನೂ ಬಾಲ್ ಬಡಿಯೋಕೆ ಬರುತ್ತೇನೇ?" ಎಂದಳು. ನಾವಿಬ್ಬರೂ ಬಾಲ್ ಮುಟ್ಟಿ ಹದಿನೆಂಟು ವರ್ಷವಾಗಿತ್ತು. ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಹಳೆಯ ಗೆಳತಿಯರ ಫೋನ್ ನಂಬರುಗಳನ್ನು ಹುಡುಕಿದೆ, ಅವರು ಅವರ ಗೆಳತಿಯರನ್ನು ಹುಡುಕಿದರು. ದುರ್ಗಿಗುಡಿ, ವಿನೋಬನಗರ, ರವೀಂದ್ರನಗರ, ಮತ್ತೆ ಭದ್ರಾವತಿ: ನಾಲ್ಕು ತಂಡಗಳಾದವು. ಯಾವ ಸಂಘವೂ ಇಲ್ಲ, ಉದ್ಘಾಟನೆಯೂ ಇಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಒಂದು ಶಾಲೆಯ ಹಳೆಯ ಸಿಮೆಂಟ್ ಕೋರ್ಟಿನಲ್ಲಿ ಸೇರುವುದು, ಆಡುವುದು, ಹತ್ತು ಗಂಟೆಯೊಳಗೆ ಮನೆ ಮುಟ್ಟುವುದು. ಆಡದ ತಂಡದವರೇ ಸರದಿಯ ಮೇಲೆ ವಿಸಿಲ್ ಊದಿ ರೆಫರಿಯಾಗುವುದು.

ಎರಡನೆಯ ವಾರವೇ ಅತ್ತೆ ಬಂದರು. ತಿಂಡಿಯನ್ನೂ ಮಾಡದೆ ಸೊಸೆ ಎಲ್ಲಿಗೆ ಓಡುತ್ತಾಳೆಂದು ನೋಡಲು ಬಂದದ್ದು; ಅದನ್ನವರು ಮುಚ್ಚಿಡಲೂ ಇಲ್ಲ. ಮೆಟ್ಟಿಲ ಮೇಲೆ ಕೂತರು. ನಾವು ಅವತ್ತು ಆಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಬಾಸ್ಕೆಟ್ಟಿನಿಂದ ಇಪ್ಪತ್ತೆರಡು ಅಡಿ ದೂರದ ಕಮಾನು ಗೆರೆಯ ಹೊರಗೆ ನಿಂತು ಎಸೆದ ಬಾಲ್ ಒಳಗೆ ಬಿದ್ದರೆ ಮೂರು ಪಾಯಿಂಟ್, ಗೆರೆ ತುಳಿದರೆ ಎರಡೇ. ಆ ಕೋರ್ಟಿನಲ್ಲಿ ಗೆರೆಯ ಬಣ್ಣ ಎಂದೋ ಅಳಿಸಿಹೋಗಿತ್ತು. ಯಾರ ಕಾಲು ಎಲ್ಲಿತ್ತೆಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಕೂಗುವವರೇ.

"ಗೆರೆನೇ ಕಾಣ್ದೇ ಇದ್ರೆ ಜಗಳ ಆಗ್ದೇ ಇನ್ನೇನಾಗತ್ತೆ?" ಎಂದರು ಅತ್ತೆ.

ಮುಂದಿನ ಭಾನುವಾರ ಒಂದು ಡಬ್ಬ ರಂಗೋಲಿ ಪುಡಿ, ಅಳತೆಗೆ ಗಂಟು ಹಾಕಿದ ನೂಲಿನ ಹುರಿ ಹಿಡಿದು ಬಂದರು. ವಾಣಿಯನ್ನು ಬಾಸ್ಕೆಟ್ಟಿನ ಕೆಳಗೆ ನಿಲ್ಲಿಸಿ, ಹುರಿಯ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಬಿಗಿಯಾಗಿ ಹಿಡಿದು ಸುತ್ತ ನಡೆದರು. "ಮನೇಲಿ ಇವಳು ನನ್ನ ಸುತ್ತ ತಿರುಗ್ತಾಳೆ. ಇಲ್ಲಿ ನಾನು ಇವಳ ಸುತ್ತ," ಎಂದರು. ವಾಣಿ ನಕ್ಕು ಹುರಿ ಬಿಟ್ಟಳು, ಬೈಸಿಕೊಂಡಳು. ನಾಲ್ಕು ವಾರ ಕಳೆಯುವಷ್ಟರಲ್ಲಿ ಹುರಿಯೂ ಬೇಕಾಗಲಿಲ್ಲ. ಕೈಗೇ ಅಳತೆ ಗೊತ್ತಾಗಿಬಿಟ್ಟಿತ್ತು.

ಅಂದಿನಿಂದ ಎರಡು ವರ್ಷ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹಾಫ್ ಟೈಮಿನಲ್ಲಿ ನಮಗೆ ಮಜ್ಜಿಗೆ, ಅವರಿಗೆ ಮತ್ತೆ ಗೆರೆ. ಓಡಾಟದಲ್ಲಿ ಅಳಿಸಿದ್ದನ್ನು ತಿದ್ದಿ ಬಂದೇ ಕೂರುತ್ತಿದ್ದರು. ಎರಡೋ ಮೂರೋ ಎಂಬ ಅನುಮಾನ ಬಂದರೆ ಆಟ ನಿಲ್ಲುತ್ತಿತ್ತು. ಅತ್ತೆ ಕೋರ್ಟಿನ ಪಕ್ಕ ನಾವು ಹಾಕಿಕೊಟ್ಟಿದ್ದ ಸ್ಟೂಲಿನಿಂದ ಎದ್ದು, ಆ ಜಾಗಕ್ಕೆ ಹೋಗಿ, ಬಗ್ಗಿ ಪುಡಿಯನ್ನು ನೋಡಿ, ಎರಡು ಬೆರಳನ್ನೋ ಮೂರನ್ನೋ ಎತ್ತುತ್ತಿದ್ದರು. ಅದರ ಮೇಲೆ ಅಪೀಲಿಲ್ಲ. "ಗೆರೆ ಹಾಕೋದು ನನ್ ಕೆಲ್ಸ. ನೋಡ್ಕೊಂಡು ಕಾಲಿಡೋದು ನಿಮ್ದು," ಎಂಬ ಮಾತನ್ನು ವಾರಕ್ಕೆ ಒಂದು ಸಲವಾದರೂ ಕೇಳುತ್ತಿದ್ದೆವು.

ಒಮ್ಮೆ ವಾಣಿಯದೇ ಶಾಟಿಗೆ ಎರಡು ಬೆರಳು ಎತ್ತಿದರು. ನಮ್ಮ ತಂಡ ಆ ಪಂದ್ಯವನ್ನು ಒಂದು ಪಾಯಿಂಟಿನಿಂದ ಸೋತಿತು. ವಾಣಿ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳಂತೆ. "ಮನೇಲಿ ಬೇಕಾದ್ರೆ ಎರಡು ದೋಸೆ ಜಾಸ್ತಿ ಹಾಕ್ತೀನಿ. ಅಲ್ಲಿ ಪಾಯಿಂಟ್ ಜಾಸ್ತಿ ಹಾಕೋಕಾಗಲ್ಲ," ಎಂದರಂತೆ ಅತ್ತೆ.

ಮೊಣಕಾಲು ನೋವಿಟ್ಟುಕೊಂಡು ಇಷ್ಟೆಲ್ಲ ಯಾಕೆ ಅತ್ತೆ ಎಂದು ನಾನೊಮ್ಮೆ ಕೇಳಿದ್ದೆ. ದುರ್ಗಿಗುಡಿಯಲ್ಲಿದ್ದ ಅವರ ಹಳೆಯ ಮನೆಗೆ ಅಂಗಳವಿತ್ತು. ಅದನ್ನು ಬಿಟ್ಟು ವಿನೋಬನಗರದಲ್ಲಿ ಎರಡನೆಯ ಮಹಡಿಯ ಮನೆಗೆ ಬಂದು ಆರು ವರ್ಷವಾಗಿತ್ತು. "ಬಾಗ್ಲ ಮುಂದೆ ಒಂದು ಟೈಲ್ಸ್ ಜಾಗ ಕೊಟ್ಟಿದಾರೆ. ಅದರ ಆಚೆಗೆ ಹೋದ್ರೆ ಪಕ್ಕದ ಮನೆಯೋರ ಚಪ್ಪಲಿ. ಇಲ್ಲಾದ್ರೆ ಕೈ ಬೀಸಿ ಹಾಕ್ತೀನಿ. ಇಷ್ಟು ದೊಡ್ಡ ಅಂಗಳ ಯಾರಿಗಿದೆ ಹೇಳು," ಎಂದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹಾಗೆ ಮಾಡಿದೆ, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಎರಡನೆಯ ವರ್ಷದ ಫೈನಲ್. ನಮ್ಮ ವಿನೋಬನಗರಕ್ಕೂ ಭದ್ರಾವತಿಗೂ. ಭದ್ರಾವತಿಯವರು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು, ಹೆಚ್ಚಿನವರು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವರ ಕ್ಯಾಪ್ಟನ್ ಸೆಲ್ವಿ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತಿತ್ತು. ಲೀಗ್ ಕಟ್ಟಿದವಳು ನಾನು, ಹಿಂದಿನ ವರ್ಷ ಕಪ್ ಹೋಗಿದ್ದು ರವೀಂದ್ರನಗರಕ್ಕೆ. ಈ ಸಲ ನನಗೆ ಬೇಕಾಗಿತ್ತು.

ಕೊನೆಯ ಕ್ಷಣದಲ್ಲಿ ನಾವು ಎರಡು ಪಾಯಿಂಟ್ ಹಿಂದೆ. ಬಲಗಡೆಯ ಮೂಲೆಯಿಂದ ಎಸೆದೆ. ಬಾಲ್ ಬಾಸ್ಕೆಟ್ಟಿನೊಳಗೆ ಬಿತ್ತು, ಆಟ ಮುಗಿದ ವಿಸಿಲ್ ಆಯಿತು. ಮೂರಾದರೆ ಕಪ್ ನಮ್ಮದು. ಎರಡಾದರೆ ಸಮ, ಇನ್ನೂ ಐದು ನಿಮಿಷ ಆಡಬೇಕು, ಆ ಐದು ನಿಮಿಷದಲ್ಲಿ ಸೆಲ್ವಿ ನಮ್ಮನ್ನು ಮುಗಿಸುತ್ತಿದ್ದಳು. ಕೆಳಗೆ ನೋಡಿದೆ. ನನ್ನ ಕಪ್ಪು ಶೂಗಳಲ್ಲಿ ಬಲಗಾಲಿನದರ ತುದಿ ಬೆಳ್ಳಗಿತ್ತು. ಎಲ್ಲರೂ ಕೂಗುತ್ತಿದ್ದಾಗ ನಾನು ಆ ತುದಿಯನ್ನು ಎಡಗಾಲಿನ ಹಿಂಬದಿಗೆ, ಟ್ರ್ಯಾಕ್ ಪ್ಯಾಂಟಿಗೆ ಒರೆಸಿಕೊಂಡೆ. ಮೈ ಕೆರೆದುಕೊಳ್ಳುವಷ್ಟು ಸಲೀಸಾಗಿ.

ರೆಫರಿ ಬಾಲನ್ನು ನೋಡಿದ್ದಳು, ಕಾಲನ್ನಲ್ಲ. ಅತ್ತೆ ಎದ್ದು ಬಂದರು, ಬಗ್ಗಿದರು, ಎರಡು ಬೆರಳು ಎತ್ತಿದರು.

"ಇಲ್ಲ ಅತ್ತೆ. ಅಲ್ಲಿ ಮೊದ್ಲೇ ಅಳಿಸಿತ್ತು," ಎಂದೆ.

"ಹಾಫ್ ಟೈಮಲ್ಲಿ ತಿದ್ದಿದೀನಲ್ಲ."

ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. "ನಿಮಗೆ ಸರಿಯಾಗಿ ಕಂಡಿಲ್ಲ ಅತ್ತೆ. ಕಣ್ಣಲ್ಲಿ ಪೊರೆ ಬಂದಿದೆ, ಆಪರೇಷನ್ ಆಗ್ಬೇಕು ಅಂತ ವಾಣಿನೇ ಹೇಳಿದ್ಲಲ್ಲ."

ವಾಣಿ ಅದನ್ನು ಹೇಳಿದ್ದು ಅಂಗಡಿಯಲ್ಲಿ, ನನಗೊಬ್ಬಳಿಗೇ, ಅತ್ತೆ ಹೆದರುತ್ತಿದ್ದಾರೆ ಎಂಬ ಸಂಕಟದಲ್ಲಿ. ಅವಳು ತಲೆ ತಗ್ಗಿಸಿದಳು. ಅತ್ತೆ ನನ್ನ ಶೂವನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ನೋಡಿದರು.

"ಕಾಲಿಟ್ಟೋಳಿಗೆ ಗೊತ್ತಿರತ್ತೆ," ಎಂದರು. "ನೀನು ಮೂರು ಅಂದ್ರೆ ಮೂರು. ಹೇಳು."

ಅವರು ನನಗೆ ಒಂದು ಅವಕಾಶ ಕೊಟ್ಟಿದ್ದರು. ಸಿಟ್ಟಿನಿಂದಲ್ಲ, ನಿಧಾನವಾಗಿ, ಅಷ್ಟೂ ಜನರ ಎದುರಿಗೆ. ನಾನು "ಮೂರು" ಎಂದೆ.

ಅತ್ತೆ ಡಬ್ಬದ ಮುಚ್ಚಳ ಹಾಕಿದರು. ಸೆಲ್ವಿ ಬಂದು ನನ್ನ ಕೈ ಕುಲುಕಿದಳು. ಕಪ್ ಹಿಡಿದು ಕೋರ್ಟ್ ತುಂಬ ಓಡಾಡಿದೆ, ಫೋಟೋ ತೆಗೆಸಿಕೊಂಡೆ. ಮನೆಗೆ ಬಂದು ಪ್ಯಾಂಟ್ ಒಗೆಯಲು ಹಾಕುವಾಗ ನೋಡಿದರೆ ಎಡಗಾಲಿನ ಹಿಂದೆ ಅಂಗೈಯಗಲ ಬಿಳಿ ಗುರುತು. ನನ್ನ ಹಿಂದೆ ನಿಂತಿದ್ದವರಿಗೆಲ್ಲ ಅದು ಕಂಡಿರಲೇಬೇಕು. ನೀರಿಗೆ ಹಾಕಿದ ಕೂಡಲೇ ಹೋಯಿತು.

ಮುಂದಿನ ಭಾನುವಾರ ಅತ್ತೆ ಬರಲಿಲ್ಲ. "ಮೊಣಕಾಲು," ಎಂದಳು ವಾಣಿ. ಅವಳು ಆಡುವುದನ್ನು ಬಿಡಲಿಲ್ಲ, ಆದರೆ ಅಂದಿನಿಂದ ಇಂದಿನವರೆಗೆ ತನ್ನ ಮನೆಯ ಒಂದು ಮಾತನ್ನೂ ನನ್ನ ಹತ್ತಿರ ಆಡಿಲ್ಲ. ಮಾತ್ರೆಯನ್ನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾಳೆ. ನಾನೇ ಶಾಲೆಯವರ ಹಿಂದೆ ಬಿದ್ದು ಕೋರ್ಟಿಗೆ ಹಳದಿ ಬಣ್ಣದ ಖಾಯಂ ಗೆರೆ ಹೊಡೆಸಿದೆ. ಅತ್ತೆಗೆ ತೊಂದರೆ ಬೇಡ ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಆ ಖಾಲಿ ಸ್ಟೂಲ್ ಯಾಕೆ ಖಾಲಿ ಎಂದು ಯಾರೂ ಕೇಳದಿದ್ದರೆ ಸಾಕಾಗಿತ್ತು ನನಗೆ.

ಆ ವರ್ಷ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ಅವರ ಮನೆಗೆ ಹೋದೆ. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿತ್ತು. "ಬಾರೇ, ಬಾ," ಎಂದು ಒಳಗೆ ಕರೆದರು. ಕೋಸಂಬರಿ ಕೊಟ್ಟರು, ಅಂಗಡಿ ಹೇಗಿದೆ ಎಂದು ಕೇಳಿದರು. ಲೀಗಿನ ಸುದ್ದಿ ಎತ್ತಲಿಲ್ಲ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಒಮ್ಮೆ ಬೇರೆ ಯಾರೋ ಕುಂಕುಮಕ್ಕೆ ಬಂದರು, ಇನ್ನೊಮ್ಮೆ ಯಾರೂ ಬರಲಿಲ್ಲ, ನನಗೇ ಧೈರ್ಯ ಬರಲಿಲ್ಲ. ಹೊರಡುವಾಗ ಬಾಗಿಲ ಮುಂದಿನ ಆ ಒಂದೇ ಟೈಲ್ಸಿನ ಮೇಲೆ ಅಂಚು ಮೀರದ ಹಾಗೆ ಹಾಕಿದ ರಂಗೋಲಿ ಕಂಡಿತು. ದಾಟಿಕೊಂಡು ಮೆಟ್ಟಿಲಿಳಿದೆ.

ಮುಂದಿನ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಎರಡು ವಾರ ನಾವು ಆಡಲಿಲ್ಲ. ಮೂರನೆಯ ವಾರ ಎಲ್ಲರಿಗಿಂತ ಮೊದಲು ಭದ್ರಾವತಿಯವರು ಬಂದಿದ್ದರು. ಸೆಲ್ವಿ ಮೆಟ್ಟಿಲ ಮೇಲೆ, ಅತ್ತೆ ಮೊದಲ ದಿನ ಕೂತಿದ್ದ ಕಡೆ, ಶೂ ಲೇಸ್ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಗೆರೆ ತುಳಿದಿದ್ದೆ ಎಂದೆ, ಒರೆಸಿದ್ದನ್ನೂ ಹೇಳಿದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು ಅಕ್ಕ. ನಿಮ್ಮ ಪ್ಯಾಂಟಲ್ಲಿ ಇತ್ತಲ್ಲ."

"ಗೊತ್ತಿದ್ದೂ ಕೈ ಕುಲುಕಿದ್ಯಾ?"

"ಕೈ ಕುಲುಕಿ ಆದ್ಮೇಲೆ ನೋಡಿದ್ದು. ನಮ್ಮೋರೆಲ್ಲ ಇನ್ಮೇಲೆ ಬರೋದೇ ಬೇಡ ಅಂದ್ರು. ನಾನೂ ಹೂಂ ಅಂದಿದ್ದೆ. ಅಷ್ಟೊತ್ತಿಗೆ ಅತ್ತೆ ಗೇಟ್ ಹತ್ರ ಬಂದು ನನ್ನ ಕೈ ಹಿಡ್ಕೊಂಡ್ರು. 'ನನ್ನ ಕಣ್ಣು ಸರಿ ಇಲ್ಲ ಕಣಮ್ಮ, ತಪ್ಪಾಗಿದ್ರೆ ಅದು ನಂದು. ನಾನು ಇನ್ಮೇಲೆ ಬರಲ್ಲ. ನೀವು ಮಾತ್ರ ಬರೋದು ಬಿಡ್ಬೇಡಿ,' ಅಂದ್ರು." ಅವಳು ಲೇಸನ್ನು ಮತ್ತೊಮ್ಮೆ ಬಿಗಿದಳು. "ಅವತ್ತು ಅವರಿಗೆ ಸರಿಯಾಗೇ ಕಂಡಿತ್ತು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮುಖ ನೋಡಿ ಬಂದ್ವಿ ಅಕ್ಕ. ನಿಮ್ಮ ಮುಖ ನೋಡಿ ಅಲ್ಲ."

ವಿಸಿಲ್ ಆಯಿತು. ಅವಳು ಎದ್ದು ಆಡಲು ಹೋದಳು.

ಲೀಗ್ ಈಗಲೂ ನಡೆಯುತ್ತಿದೆ. ಈ ವರ್ಷ ಆರು ತಂಡಗಳಾಗಿವೆ. ಯಾರಾದರೂ ಕೇಳಿದರೆ ಜನ ನನ್ನನ್ನು ತೋರಿಸಿ, ಇವರೇ ಕಟ್ಟಿದ್ದು ಎನ್ನುತ್ತಾರೆ. ಕಟ್ಟಿದ್ದು ನಾನಿರಬಹುದು, ನಾನು ಮುರಿದಾಗ ಉಳಿಸಿಕೊಟ್ಟವರು ಅತ್ತೆ. ಅದಕ್ಕಾಗಿ ಕೈ ಬೀಸಿ ಗೆರೆ ಹಾಕಲು ತಮಗಿದ್ದ ಒಂದೇ ಒಂದು ಅಂಗಳವನ್ನು ಬಿಟ್ಟುಕೊಟ್ಟರು. ಅವರಿಗೆ ಒಂದು ಮಾತು ಹೇಳಲು ನನಗೆ ಹದಿನಾಲ್ಕು ತಿಂಗಳಿದ್ದವು. ಅವರ ಮನೆ ನನ್ನ ಅಂಗಡಿಯಿಂದ ಮೂರನೆಯ ಕ್ರಾಸಿನಲ್ಲಿತ್ತು.